ಮೆಳ್ಳೆಗಣ್ಣಿಗೆ ವ್ಯಾಯಾಮ: ಒಂದು ಭರವಸೆಯ ಚರಿತ್ರೆ

ಊರಿಗೆ ಕಳುಹಿಸಿದ ಹುಟ್ಟುಹಬ್ಬದ ಫೋಟೋಗಳನ್ನು ನೋಡಿ ಅಜ್ಜಿಯರೇ ಮೊದಲು ಗುರುತಿಸುವುದುಂಟು: "ಮಗೂದು ಒಂದು ಕಣ್ಣು ಸ್ವಲ್ಪ ಒಳಕ್ಕೆ ತಿರುಗಿದ ಹಾಗಿದೆಯಲ್ಲ?" ಅಲ್ಲಿಂದ ಸಲಹೆಗಳು ಆರಂಭವಾಗುತ್ತವೆ. ಮೆಳ್ಳೆಗಣ್ಣು ಅದೃಷ್ಟದ ಗುರುತು ಎನ್ನುವರು ಒಬ್ಬರು. ದೊಡ್ಡವನಾದ ಮೇಲೆ ತಾನೇ ಸರಿಹೋಗುತ್ತದೆ ಎನ್ನುವರು ಇನ್ನೊಬ್ಬರು. ಬೆರಳನ್ನು ತೋರಿಸಿ ಕಣ್ಣಾಡಿಸುವ ವ್ಯಾಯಾಮ ಮಾಡಿಸಿದರೆ ಸಾಕು ಎನ್ನುವರು ಮತ್ತೊಬ್ಬರು. ಫ್ಲವರ್ ಮೌಂಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಈ ಮೂರನೆಯ ಸಲಹೆಯೇ ಹೆಚ್ಚು ಹಿತವೆನಿಸುವುದು ಸಹಜ. ಅದರಲ್ಲಿ ಶಸ್ತ್ರಚಿಕಿತ್ಸೆಯ ಭಯವಿಲ್ಲ, ನೋವಿಲ್ಲ, ಖರ್ಚೂ ಇಲ್ಲ. ಆ ಸಲಹೆ ಎಲ್ಲಿಂದ ಬಂತು, ಅದರಲ್ಲಿ ಹುರುಳೆಷ್ಟು ಎಂಬುದನ್ನು ನಾವು ಚರಿತ್ರೆಯಲ್ಲಿ ಹುಡುಕೋಣ.

ಕಣ್ಣನ್ನು ನೇರಕ್ಕೆ ಪಳಗಿಸಬಹುದೆಂಬ ಆಸೆ ಬಹು ಹಳೆಯದು. 7ನೆಯ ಶತಮಾನದ ಗ್ರೀಕ್ ವೈದ್ಯ ಪಾಲ್ ಆಫ್ ಏಜೀನಾ, ನಡುವೆ ರಂಧ್ರಗಳಿರುವ ಮುಖವಾಡವನ್ನು ಮಗುವಿಗೆ ತೊಡಿಸಲು ಹೇಳಿದನು. ರಂಧ್ರದ ಮೂಲಕ ನೋಡಬೇಕಾದರೆ ಕಣ್ಣು ನೇರವಾಗಲೇಬೇಕು ಎಂಬುದು ಅವನ ತರ್ಕ. ಜರ್ಮನಿಯ ಬಾರ್ಟಿಷ್ 1583ರ ತನ್ನ ನೇತ್ರಗ್ರಂಥದಲ್ಲಿ ಅಂತಹ ಮುಖವಾಡಗಳ ಚಿತ್ರಗಳನ್ನೇ ಅಚ್ಚುಮಾಡಿಸಿದನು. 1743ರಲ್ಲಿ ಫ್ರಾನ್ಸಿನ ಬಫನ್, ತಿರುಗಿದ ಕಣ್ಣಿನ ದೃಷ್ಟಿ ಹಲವೊಮ್ಮೆ ದುರ್ಬಲವಾಗಿರುತ್ತದೆಂದು ಗಮನಿಸಿ, ಒಳ್ಳೆಯ ಕಣ್ಣನ್ನು ಮುಚ್ಚಿ ದುರ್ಬಲ ಕಣ್ಣಿಗೆ ಕೆಲಸ ಕೊಡಬೇಕೆಂದನು. ಇಂದು ನಮ್ಮ ಮಕ್ಕಳಿಗೆ ವೈದ್ಯರು ಹಚ್ಚುವ ಪಟ್ಟಿಯ ಮೂಲ ಇಲ್ಲಿದೆ.

1839ರಲ್ಲಿ ಬರ್ಲಿನ್ನಿನ ಡೀಫೆನ್‌ಬಾಖ್ 7 ವರ್ಷದ ಬಾಲಕನೊಬ್ಬನ ಕಣ್ಣಿನ ಸ್ನಾಯುವನ್ನು ಕತ್ತರಿಸಿ ಮೆಳ್ಳೆಗಣ್ಣನ್ನು ತಿದ್ದಿದಾಗ ಯೂರೋಪಿನಾದ್ಯಂತ ಉತ್ಸಾಹ ಹಬ್ಬಿತು. ಆದರೆ ಸ್ನಾಯುವನ್ನು ಪೂರ್ತಿ ಕತ್ತರಿಸಿದ್ದರಿಂದ ಒಳಕ್ಕೆ ತಿರುಗಿದ್ದ ಕಣ್ಣು ಎಷ್ಟೋ ರೋಗಿಗಳಲ್ಲಿ ಹೊರಕ್ಕೆ ತಿರುಗಿಕೊಂಡಿತು. ಈ ನಿರಾಶೆಯ ಕಾಲದಲ್ಲಿಯೇ ವ್ಯಾಯಾಮದ ನಿಜವಾದ ಶಾಸ್ತ್ರ ಹುಟ್ಟಿತು. ಪ್ಯಾರಿಸ್ಸಿನ ಎಮಿಲ್ ಜಾವಾಲ್ ಗಣಿ ಎಂಜಿನಿಯರಾಗಿ ಆರಂಭಿಸಿ ನೇತ್ರವೈದ್ಯರಾದವರು. ಅವರ ತಂದೆಗೂ ಸೋದರಿಗೂ ಮೆಳ್ಳೆಗಣ್ಣಿತ್ತು. ಎರಡು ಕಣ್ಣಿಗೆ ಎರಡು ಚಿತ್ರಗಳನ್ನು ತೋರಿಸುವ ಸ್ಟೀರಿಯೋಸ್ಕೋಪ್ ಬಳಸಿ, ಅವೆರಡನ್ನೂ ಒಂದಾಗಿ ಕಾಣುವಂತೆ ಮೆದುಳನ್ನು ಅವರು ಪಳಗಿಸತೊಡಗಿದರು. ಅದು ತಿಂಗಳುಗಟ್ಟಲೆ ತಾಳ್ಮೆ ಬೇಡುವ ಕೆಲಸ. ಅವರ ಅನುಭವದ ಗ್ರಂಥ ಪ್ರಕಟವಾದದ್ದು 1896ರಲ್ಲಿ. ಬೆಂಗಳೂರಿನಲ್ಲಿ ಮುಂದೆ ಮಿಂಟೋ ಕಣ್ಣಾಸ್ಪತ್ರೆಯಾಗಿ ಬೆಳೆದ ಪುಟ್ಟ ಚಿಕಿತ್ಸಾಲಯ ಆರಂಭವಾದದ್ದೂ ಅದೇ ವರ್ಷ.

ಲಂಡನ್ನಿನ ಕ್ಲಾಡ್ ವರ್ತ್ 1903ರ ತಮ್ಮ ಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಎರಡು ಕಣ್ಣಿನ ನೋಟವನ್ನು ಬೆಸೆಯುವ ಶಕ್ತಿ ಎಳೆಯ ವಯಸ್ಸಿನಲ್ಲಿ ಮಾತ್ರ ಕುದುರುತ್ತದೆ, ಆರು ವರ್ಷ ದಾಟಿದರೆ ಕಷ್ಟ ಎಂಬುದು ಅವರ ಎಚ್ಚರಿಕೆ. ಅವರ ನಂತರ ಮೇರಿ ಮ್ಯಾಡಾಕ್ಸ್ ಎಂಬ ಮಹಿಳೆ, ವೈದ್ಯರಾಗಿದ್ದ ತಂದೆಯಿಂದ ಕಲಿತು, ಆರ್ಥಾಪ್ಟಿಕ್ಸ್ ಎಂಬ ಈ ಕಣ್ಪಳಗಿಕೆಯನ್ನು ಒಂದು ವೃತ್ತಿಯನ್ನಾಗಿಯೇ ರೂಪಿಸಿದರು.

ಇದೇ ಕಾಲದಲ್ಲಿ ಒಂದು ಅಡ್ಡದಾರಿಯೂ ತೆರೆಯಿತು. ನ್ಯೂಯಾರ್ಕಿನ ವಿಲಿಯಂ ಬೇಟ್ಸ್ 1920ರಲ್ಲಿ, ಕನ್ನಡಕವೇ ಬೇಡ, ಕಣ್ಣಿನ ವಿಶ್ರಾಂತಿ ಮತ್ತು ಅಭ್ಯಾಸಗಳಿಂದ ಮೆಳ್ಳೆಗಣ್ಣೂ ವಾಸಿಯಾಗುತ್ತದೆ ಎಂದು ಸಾರಿದರು. ಪ್ರಕೃತಿ ಚಿಕಿತ್ಸೆಯ ಮೂಲಕ ಈ ವಿಚಾರ ಭಾರತಕ್ಕೂ ಬಂತು. ಇಂದು ನಮಗೆ ಊರಿನಿಂದ ಬರುವ ಸಲಹೆಗಳಲ್ಲಿ ಅದರ ನೆರಳಿದೆ. ಆದರೆ ನೆದರ್‌ಲ್ಯಾಂಡ್ಸಿನ ಡಾಂಡರ್ಸ್ 1864ರಲ್ಲಿಯೇ, ದೂರದೃಷ್ಟಿ ದೋಷವಿರುವ ಮಗು ಸ್ಪಷ್ಟವಾಗಿ ಕಾಣಲು ಶ್ರಮಿಸುವಾಗ ಕಣ್ಣುಗಳು ಒಳಕ್ಕೆ ಎಳೆಯಲ್ಪಡುತ್ತವೆ ಎಂದು ತೋರಿಸಿದ್ದರು. ಅಂತಹ ಮಗುವಿಗೆ ಕನ್ನಡಕವೇ ಔಷಧ. ಅದನ್ನು ತೆಗೆಸಿ ವ್ಯಾಯಾಮ ಮಾಡಿಸಿದರೆ ಮಗುವಿಗೆ ನಷ್ಟ.

ವರ್ತ್ ಅವರ ಎಚ್ಚರಿಕೆಗೆ ಪುರಾವೆ ಒದಗಿದ್ದು 1960ರ ದಶಕದಲ್ಲಿ. ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮರಿಗಳಲ್ಲಿ ಕೃತಕವಾಗಿ ಮೆಳ್ಳೆಗಣ್ಣು ಉಂಟುಮಾಡಿದಾಗ, ಎರಡು ಕಣ್ಣಿಗೂ ಸ್ಪಂದಿಸುವ ಮೆದುಳಿನ ಕೋಶಗಳು ಬಹುಮಟ್ಟಿಗೆ ಇಲ್ಲವಾದವು. ದೃಷ್ಟಿವ್ಯವಸ್ಥೆಯ ಕುರಿತ ಅವರ ಸಂಶೋಧನೆಗೆ 1981ರಲ್ಲಿ ನೊಬೆಲ್ ದೊರೆಯಿತು. ಈ ವಿದ್ಯೆಯ ಒಂದು ದೊಡ್ಡ ಪೀಠ ನಮ್ಮ ಟೆಕ್ಸಾಸಿನಲ್ಲಿಯೇ ಇತ್ತು: ಗುಂಟರ್ ವಾನ್ ನೂರ್ಡನ್ 1972ರಲ್ಲಿ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿಗೆ ಬಂದರು. ಅವರು ಬುರಿಯನ್ ಜೊತೆಗೂಡಿ 1974ರಲ್ಲಿ ಹೊರತಂದ ಗ್ರಂಥ ಮೆಳ್ಳೆಗಣ್ಣಿನ ವೈದ್ಯರಿಗೆ ಆಕರವಾಯಿತು.

ಹಾಗಾದರೆ ವ್ಯಾಯಾಮಕ್ಕೆ ಉಳಿದ ಸ್ಥಾನವೇನು? ಹತ್ತಿರದ್ದನ್ನು ಓದುವಾಗ ಎರಡು ಕಣ್ಣನ್ನೂ ಒಳಮುಖವಾಗಿ ಕೂಡಿಸಲಾಗದ ತೊಂದರೆಯೊಂದಿದೆ. ಅದು ಸದಾ ತಿರುಗಿರುವ ಮೆಳ್ಳೆಗಣ್ಣಲ್ಲ. 2008ರಲ್ಲಿ 9ರಿಂದ 17 ವರ್ಷದ 221 ಮಕ್ಕಳ ಮೇಲೆ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತಜ್ಞರ ಬಳಿ ಕ್ರಮವಾಗಿ ವ್ಯಾಯಾಮ ಮಾಡಿದವರಲ್ಲಿ ಸುಮಾರು 73% ಮಕ್ಕಳು ಗುಣ ಕಂಡರು. ಮನೆಯಲ್ಲಿ ಪೆನ್ಸಿಲನ್ನು ಮೂಗಿನತ್ತ ತಂದು ನೋಡುವ ಅಭ್ಯಾಸ ಮಾತ್ರ ಮಾಡಿದವರು, ಹುಸಿ ಚಿಕಿತ್ಸೆ ಪಡೆದವರಿಗಿಂತ ಮೇಲಾಗಲಿಲ್ಲ. ದುರ್ಬಲಗೊಂಡ ಕಣ್ಣಿಗೆ ಬಫನ್ನನ ಪಟ್ಟಿಯೇ ಇಂದಿಗೂ ಆಸರೆ. ಮಧ್ಯಮ ಪ್ರಮಾಣದ ದೌರ್ಬಲ್ಯಕ್ಕೆ ದಿನಕ್ಕೆ 2 ಗಂಟೆಯ ಪಟ್ಟಿ 6 ಗಂಟೆಯಷ್ಟೇ ಫಲ ಕೊಡುತ್ತದೆಂದು 2003ರಲ್ಲಿ ತಿಳಿದುಬಂತು. ನಮ್ಮ ಪಕ್ಕದ ಡಲ್ಲಾಸಿನ ರೆಟಿನಾ ಫೌಂಡೇಶನ್ನಿನ ಸಂಶೋಧಕರು ಎರಡು ಕಣ್ಣೂ ಕೂಡಿ ಆಡಬೇಕಾದ ಐಪ್ಯಾಡ್ ಆಟವೊಂದನ್ನು 28 ಮಕ್ಕಳಲ್ಲಿ ಪರೀಕ್ಷಿಸಿ, 2016ರಲ್ಲಿ ಆಶಾದಾಯಕ ಫಲ ವರದಿಮಾಡಿದರು. ಜಾವಾಲರ ಸ್ಟೀರಿಯೋಸ್ಕೋಪ್ ಹೊಸ ವೇಷದಲ್ಲಿ ಮರಳಿದಂತಾಯಿತು. ಆದರೆ ದೊಡ್ಡ ಮಕ್ಕಳ ಮೇಲೆ ಅನಂತರ ನಡೆದ ವಿಸ್ತಾರವಾದ ಪರೀಕ್ಷೆಯಲ್ಲಿ ಅದೇ ಆಟ, ಬರಿಯ ಕನ್ನಡಕಕ್ಕಿಂತ ಹೆಚ್ಚೇನನ್ನೂ ಸಾಧಿಸಲಿಲ್ಲ.

ಒಟ್ಟಿನಲ್ಲಿ, ಎಲ್ಲ ಮೆಳ್ಳೆಗಣ್ಣಿಗೂ ಮದ್ದೆಂದು ಹೊರಟ ವ್ಯಾಯಾಮ ತನ್ನ ಪುಟ್ಟ ಹೊಲವನ್ನು ಕಂಡುಕೊಂಡಿದೆ. ಅಲ್ಲಿ ಅದು ಚೆನ್ನಾಗಿ ಬೆಳೆ ಕೊಡುತ್ತದೆ. ಉಳಿದೆಡೆ ಕನ್ನಡಕ, ಪಟ್ಟಿ, ಶಸ್ತ್ರಚಿಕಿತ್ಸೆಗಳದೇ ಕೆಲಸ. ಯಾವ ಮಗುವಿಗೆ ಯಾವುದು ಎಂಬುದನ್ನು ಪರೀಕ್ಷೆ ಮಾಡಿದ ವೈದ್ಯರು ಮಾತ್ರ ಹೇಳಬಲ್ಲರು. ಹಸುಗೂಸಿನ ಕಣ್ಣು ಮೊದಲ ಕೆಲವು ತಿಂಗಳು ಆಗಾಗ ಅತ್ತಿತ್ತ ಸರಿಯುವುದುಂಟು. ನಾಲ್ಕು ತಿಂಗಳ ನಂತರವೂ ತಿರುಗುತ್ತಿದ್ದರೆ, ಅಥವಾ ಫೋಟೋದಲ್ಲಿ ಒಂದು ಪಾಪೆ ಬೆಳ್ಳಗೆ ಕಂಡರೆ, ತಡಮಾಡದೆ ತೋರಿಸಬೇಕು. ಏಳು ದಾಟಿದ ಮಕ್ಕಳಿಗೂ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. 7ರಿಂದ 12 ವರ್ಷದ ಹಲವು ಮಕ್ಕಳ ದುರ್ಬಲ ಕಣ್ಣು ಚಿಕಿತ್ಸೆಯಿಂದ ಸುಧಾರಿಸಿದೆ.

ಅಜ್ಜಿಯ ಕಣ್ಣು ಸೂಕ್ಷ್ಮ. ಅವರು ಗುರುತಿಸಿದ್ದನ್ನು ನಾವು ಗೌರವಿಸೋಣ. ಅದೃಷ್ಟವೆಂದು ಕಾಯದೆ, ವ್ಯಾಯಾಮವೆಂದು ಕಾಲ ಕಳೆಯದೆ, ಮೊದಲು ಪರೀಕ್ಷೆ ಮಾಡಿಸೋಣ.