ಮಗು ಯಾರ ಕಾರ್ಡಿನಲ್ಲಿ?

ಕೊಚ್ಚಿಗೆ ಬಂದು ಮೂವತ್ತು ವರ್ಷ ದಾಟಿತು. ಮಾತು ಮಲಯಾಳಕ್ಕೆ ತಿರುಗಿದೆ, ನೋಟು ಎಣಿಸುವುದು ಮಾತ್ರ ಈಗಲೂ ಕನ್ನಡದಲ್ಲೇ. ಇವತ್ತು ಹೇಳಹೊರಟಿದ್ದೂ ಒಂದು ಎಣಿಕೆಯ ಕಥೆಯೇ.

2009ರಲ್ಲಿ ನಮ್ಮ ಶಾಖೆಗೆ ಕಸ ಗುಡಿಸಲು ಬರುತ್ತಿದ್ದ ಹೆಂಗಸೊಬ್ಬರು ನನ್ನ ಮೇಜಿನ ಮೇಲೆ ಒಂದು ಸ್ಮಾರ್ಟ್ ಕಾರ್ಡ್ ಇಟ್ಟು ಕೇಳಿದರು: "ಸಾರೇ, ನಾನು ಮದುವೆಯಾದರೆ ಮಗನ ಇನ್ಶೂರೆನ್ಸ್ ಹೋಗ್ತದಾ?" ಗಂಡ ತೀರಿಕೊಂಡು ಐದು ವರ್ಷ. ಮಗನಿಗೆ ಎಂಟು, ಉಬ್ಬಸದ ಹುಡುಗ, ಮಳೆಗಾಲ ಬಂತೆಂದರೆ ಆಸ್ಪತ್ರೆ. ಇಬ್ಬರೂ ಆಕೆಯ ತಾಯಿಯ ಮನೆಯಲ್ಲಿದ್ದರು, ಕಾರ್ಡೂ ಆ ಮನೆಯದೇ. ನೋಡಿದ್ದ ಗಂಡು ತಿರುವನಂತಪುರದವನು, ಹೆಂಡತಿ ಸತ್ತವನು. ಎರಡು ಮಕ್ಕಳು, ಮುದಿ ತಾಯಿ.

ಆ ಕಾರ್ಡು ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯದು. 2008ರಲ್ಲಿ ಶುರುವಾಗಿತ್ತು. ಅದೇ ವರ್ಷ ಕೇರಳ ಸರಕಾರ ತನ್ನದೊಂದನ್ನು ಸೇರಿಸಿ ಕೇಂದ್ರದ ಪಟ್ಟಿಯಲ್ಲಿ ಇಲ್ಲದ ಬಡವರಿಗೂ ವಿಸ್ತರಿಸಿತ್ತು. ವರ್ಷಕ್ಕೆ 30,000 ರೂಪಾಯಿಯವರೆಗೆ ಆಸ್ಪತ್ರೆ ಖರ್ಚು. ಆದರೆ ಒಂದು ಕಾರ್ಡಿಗೆ ಐದೇ ಜನ: ಮನೆಯ ಯಜಮಾನ, ಅವನ ಜೋಡಿ, ಮತ್ತೆ ಮೂವರು. ನಾನು ಬೆರಳು ಮಡಚಿದೆ. ಗಂಡ, ಈಕೆ, ಅತ್ತೆ, ಅವನ ಇಬ್ಬರು ಮಕ್ಕಳು. ಐದಾಯಿತು. ಈ ಹುಡುಗ ಆರನೆಯವನು.

"ಅಮ್ಮನ ಮನೆ ಕಾರ್ಡಿನಲ್ಲೇ ಇರಲಿ" ಅಂದೆ. ಅಂದು ಮನೆಗೆ ಬಂದ ಮೇಲೆ ಅದೇ ಕೊರೆಯತೊಡಗಿತು.

ಯಾಕೆಂದರೆ ನಾನು ಕುಂದಾಪುರದ ಕಡೆಯವನು, ಅಳಿಯಸಂತಾನ ಕಟ್ಟಿನ ಮನೆಯವನು. ನಮ್ಮಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ಜ್ವರ ಬಂದರೆ ವೈದ್ಯರನ್ನು ಕರೆಸುತ್ತಿದ್ದವರು ಸೋದರಮಾವ. ಅಪ್ಪ ಬರುತ್ತಿದ್ದರು, ಹೋಗುತ್ತಿದ್ದರು, ಹಣ್ಣು ತರುತ್ತಿದ್ದರು! 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿದ ಮೇಲೂ ಅಮ್ಮಮ್ಮನ ಮನೆಯಲ್ಲಿ ಹಳೇ ಅಭ್ಯಾಸ ಸುಲಭಕ್ಕೆ ಹೋಗಲಿಲ್ಲ.

ಇಲ್ಲಿಯ ನಾಯರ್ ಮರುಮಕ್ಕತ್ತಾಯವೂ ಅದೇ ಜಾತಿಯ ವ್ಯವಸ್ಥೆ. ಸಂಬಂಧಂ ಎಂಬ ಮದುವೆಯಲ್ಲಿ ಗಂಡು ಬಟ್ಟೆ ಕೊಟ್ಟರೆ ಮುಗಿಯಿತು. ಮುರಿದರೆ ಇನ್ನೊಂದು. ತಾಯಿ ಮತ್ತೆ ಮದುವೆಯಾದಳೆಂದು ಮಗುವಿನ ಅನ್ನ, ಔಷಧಿ ಬದಲಾಗುತ್ತಿರಲಿಲ್ಲ, ಅದು ತರವಾಡಿನ ಜವಾಬ್ದಾರಿ, ಕಾರಣವರ ಲೆಕ್ಕ. ಸ್ವರ್ಗವೇನೂ ಅಲ್ಲ ಬಿಡಿ. ಕಾರಣವರ ಕೈ ಬಿಗಿಯಾದರೆ ಕಿರಿಯರ ಗತಿ ಏನೆಂದು ಆ ಕಾಲದ ಕೋರ್ಟು ಕಟ್ಲೆಗಳೇ ಹೇಳುತ್ತವೆ.

ಬ್ರಿಟಿಷ್ ಕೋರ್ಟುಗಳಿಗೆ ಈ ಸಂಬಂಧಂ ಮದುವೆಯೇ ಅಲ್ಲ. 1896ರ ಮಲಬಾರ್ ಮದುವೆ ಕಾಯ್ದೆ ನೋಂದಾಯಿಸಿಕೊಳ್ಳಿ ಎಂದಿತು, ನೋಂದಾಯಿಸಿದವರು ಕಡಿಮೆ. ನಿಜವಾದ ತಿರುವು 1912ರಲ್ಲಿ, ತಿರುವಾಂಕೂರಿನಲ್ಲಿ. ಶ್ರೀಮೂಲಂ ತಿರುನಾಳರ ಆಳ್ವಿಕೆಯ ನಾಯರ್ ರೆಗ್ಯುಲೇಶನ್ ಸಂಬಂಧವನ್ನು ಮದುವೆಯೆಂದು ಒಪ್ಪಿತು. ಗಂಡಸಿನ ಸ್ವಂತ ದುಡಿಮೆಯ ಆಸ್ತಿಯಲ್ಲಿ ಅರ್ಧ ಹೆಂಡತಿ ಮಕ್ಕಳಿಗೆ, ಅರ್ಧ ಸೋದರಳಿಯರ ಕಡೆಗೆ. 1925ರಲ್ಲಿ ಅಳಿಯಂದಿರ ಅರ್ಧವೂ ಹೋಯಿತು. ನಡುವೆ 1920ರಲ್ಲಿ ಕೊಚ್ಚಿ ಸಂಸ್ಥಾನವೂ ಕಾನೂನು ಮಾಡಿತು. ತಮಾಷೆಯೆಂದರೆ ಇದನ್ನೆಲ್ಲ ಮಾಡಿದ ರಾಜರ ಸಿಂಹಾಸನ ಅಳಿಯನಿಗೇ ಹೋಗುತ್ತಿತ್ತು. ಕಡೆಗೆ 1975ರ ಕೇರಳ ಕಾಯ್ದೆ, 1976ರ ಡಿಸೆಂಬರಿನಲ್ಲಿ ಜಾರಿಗೆ ಬಂದು, ಅವಿಭಕ್ತ ಕುಟುಂಬವನ್ನೇ ಕಾನೂನಿನಿಂದ ತೆಗೆದುಹಾಕಿತು.

ಹೀಗೆ ಅರುವತ್ತು ಚಿಲ್ಲರೆ ವರ್ಷದಲ್ಲಿ ಮಗು ತಾಯಿಯ ಮನೆಯಿಂದ ತಂದೆಯ ಮದುವೆಯೊಳಕ್ಕೆ ಬಂತು. ವಿಮೆಗಳೆಲ್ಲ ಈ ಹೊಸ ಸಂಸಾರವನ್ನೇ ಅಳತೆಗೋಲು ಮಾಡಿಕೊಂಡವು. ಕಾರ್ಮಿಕರ 1948ರ ಇಎಸ್‌ಐ ಕಾಯ್ದೆಯಲ್ಲಿ ಚಿಕಿತ್ಸೆಗೆ "ಕುಟುಂಬ"ದಲ್ಲಿ ಗಂಡ ಅಥವಾ ಹೆಂಡತಿ, "ನ್ಯಾಯಬದ್ಧ ಅಥವಾ ದತ್ತು" ಅಪ್ರಾಪ್ತ ಮಗು ಮುಂತಾದವರು ಸೇರಿದ್ದರು. ಮಗು ನ್ಯಾಯಬದ್ಧವೋ ಅಲ್ಲವೋ ಅಂತ ತೀರ್ಮಾನ ಮಾಡುವುದು ಅದರ ಕೆಮ್ಮಲ್ಲ, ಅಪ್ಪ ಅಮ್ಮನ ಮದುವೆ. ಮಲಮಗುವಿನ ಹೆಸರೇ ಅಲ್ಲಿರಲಿಲ್ಲ.

ಕೇರಳದಲ್ಲಿ 2013ರಲ್ಲಿ ಬಂದ ಆರೋಗ್ಯಕಿರಣಂ ಉದಾರವಾದದ್ದು: ಹದಿನೆಂಟರವರೆಗಿನ ಮಕ್ಕಳಿಗೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ. ಹೊರಗಿಟ್ಟಿದ್ದು ಸರಕಾರಿ ನೌಕರರ ಮತ್ತು ಆದಾಯ ತೆರಿಗೆ ಕಟ್ಟುವವರ ಮಕ್ಕಳನ್ನು. ಸರಿ, ವಿಧವೆಯೊಬ್ಬಳು ಗುಮಾಸ್ತನನ್ನು ಮದುವೆಯಾದರೆ ಅವಳ ಮಗು ಅವನ ಮಗುವೋ ಅಲ್ಲವೋ? ನಿಯಮದ ಒಂದು ಸಾಲು ಓದಿ ಕೌಂಟರಿನವನು ಹೇಗೆ ಹೇಳಬೇಕು?

2018ರ ಆಯುಷ್ಮಾನ್ ಭಾರತದಲ್ಲಿ ಐದು ಜನರ ಮಿತಿ ಹೋಯಿತು, ಮೊತ್ತ ಐದು ಲಕ್ಷವಾಯಿತು. ಆದರೆ ಪಟ್ಟಿ 2011ರ ಸಮೀಕ್ಷೆಯದು. ಹಳ್ಳಿಗಳಿಗೆ ಅದರಲ್ಲೊಂದು ಮಾನದಂಡ: 16ರಿಂದ 59ರ ಗಂಡಸಿಲ್ಲದ, ಹೆಂಗಸೇ ಯಜಮಾನಿಯಾದ ಮನೆ. 2011ರಲ್ಲಿ ವಿಧವೆಯಾಗಿದ್ದು ಮರುವರ್ಷ ಮದುವೆಯಾದವಳು ಆ ಪಟ್ಟಿಯಲ್ಲಿದ್ದಾಳೆ. ಮರುವರ್ಷ ಗಂಡನನ್ನು ಕಳೆದುಕೊಂಡವಳನ್ನು ಆ ಮಾನದಂಡ ಮುಟ್ಟುವುದೇ ಇಲ್ಲ. ಬ್ಯಾಂಕಿನಲ್ಲಿ ಅಷ್ಟು ಹಳೆಯ ಕೆವೈಸಿ ಇಟ್ಟುಕೊಂಡರೆ ಆಡಿಟರ್ ಬಿಡುತ್ತಾನಾ!

ಒಂದು ಸಂಗತಿ ಮಾತ್ರ ನನಗೆ ಖುಷಿ ಕೊಟ್ಟಿತು. 2013ರ ಆಹಾರ ಭದ್ರತಾ ಕಾಯ್ದೆ ರೇಶನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಮಾಡಿತು. ಕೇರಳಕ್ಕೆ ಅದು 2016ರಲ್ಲಿ ಬಂತು. 2022ರಲ್ಲಿ ಕೊಚ್ಚಿಯ ಹೈಕೋರ್ಟು ಕರ್ಣನ ಹೆಸರೆತ್ತಿ, ಅವಿವಾಹಿತ ತಾಯಿಯ ಮಗನ ಜನನ ಪತ್ರದಲ್ಲಿ ತಾಯಿಯ ಹೆಸರೊಂದೇ ಸಾಕು ಎಂದಿತು.

ಆಕೆ ಮದುವೆಯಾದರು. ಹುಡುಗ ಕೊಚ್ಚಿಯಲ್ಲೇ ಉಳಿದ, ಕಾರ್ಡಿನ ಜೊತೆ, ಅಜ್ಜಿಯ ಜೊತೆ. ತಿಂಗಳಿಗೊಮ್ಮೆ ಮೀಟಿಂಗಿಗೆಂದು ತಿರುವನಂತಪುರಕ್ಕೆ ಹೋಗಿ ವಂಚಿನಾಡ್ ಎಕ್ಸ್‌ಪ್ರೆಸ್ಸಿನಲ್ಲಿ ವಾಪಸಾಗುವಾಗ ಎರಡು ಸಲ ಸಿಕ್ಕಿದ್ದರು, ಮಗನನ್ನು ನೋಡಲು ಹೊರಟವರು. ಒಮ್ಮೆ ಕೈಯಲ್ಲಿ ಹಣ್ಣಿನ ಚೀಲ. ನನಗೆ ಮಾತು ಹೊರಡಲಿಲ್ಲ. 2019ರಲ್ಲಿ ಹಳೆಯ ಕಾರ್ಡಿನವರನ್ನು ರಾಜ್ಯದ ಕಾರುಣ್ಯ ಯೋಜನೆಗೆ ಸೇರಿಸಿದಾಗ ಅವನಿಗೆ ಹದಿನೆಂಟು. ಈಗ ಆರನೆಯವನಾಗಿ ಹೋಗಬಹುದಿತ್ತು. ಅಜ್ಜಿಗೆ ಕಣ್ಣು ಕಾಣುವುದಿಲ್ಲ ಸಾರ್, ಅಂತ ಅಲ್ಲೇ ಇದ್ದಾನೆ.