ಚಳಿಜ್ವರದ ಸೀಮೆಯಲ್ಲಿ ಬದುಕಿನ ಅಳತೆ

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕೆನರಾ (ಇಂದಿನ ಉತ್ತರ ಕನ್ನಡ) ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳು ಚಳಿಜ್ವರಕ್ಕೆ ಕುಖ್ಯಾತವಾಗಿದ್ದ ಕಾಲದಲ್ಲಿ, ಒಂದು ಊರಿನಲ್ಲಿ ಆ ಜ್ವರ ಎಷ್ಟು ಬೇರೂರಿದೆಯೆಂಬುದನ್ನು ವೈದ್ಯರು ಅಂದಾಜು ಮಾಡುತ್ತಿದ್ದುದು ಮಕ್ಕಳ ಹೊಟ್ಟೆಯನ್ನು ಮುಟ್ಟಿ ನೋಡಿ. ಮಲೇರಿಯಾ ಮತ್ತೆ ಮತ್ತೆ ಬಂದ ಮಗುವಿನ ಎಡಪಕ್ಕೆಯ ಕೆಳಗೆ ಗುಲ್ಮ ಊದಿಕೊಂಡು ಕೈಗೆ ಸಿಗುತ್ತದೆ. ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಹೀಗಾಗಿದೆ ಎಂಬ ಲೆಕ್ಕವೇ ಗುಲ್ಮಪ್ರಮಾಣ. ಮಲೇರಿಯಾ ತಜ್ಞ ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ 1946ರ ಸುಮಾರಿಗೆ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಮನೆಗೋಡೆಗಳಿಗೆ ಡಿಡಿಟಿ ಸಿಂಪಡಿಸಿದಾಗ ಅದರ ಫಲವನ್ನು ತೋರಿಸಿಕೊಟ್ಟ ಅಳತೆಗಳಲ್ಲಿ ಇದೂ ಒಂದು. ಒರಟು ಅಳತೆಯಾದರೂ, ತಾನು ಏನನ್ನು ಅಳೆಯುತ್ತಿದ್ದೇನೆಂಬುದರ ಬಗ್ಗೆ ಅದು ಪ್ರಾಮಾಣಿಕವಾಗಿತ್ತು.

ಇಡೀ ಬದುಕನ್ನೇ ಅಳೆಯಲು ಹೊರಟ ಅಳತೆಯ ಮಾತು ಬೇರೆ. 1990ರಲ್ಲಿ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ ಅವರ ಮುಂದಾಳತ್ವದಲ್ಲಿ ವಿಶ್ವಸಂಸ್ಥೆಯ ಮೊದಲ ಮಾನವ ಅಭಿವೃದ್ಧಿ ವರದಿ ಹೊರಬಂದು, ಆಯುಷ್ಯ, ಅಕ್ಷರಜ್ಞಾನ, ಆದಾಯ ಈ ಮೂರನ್ನು ಬೆಸೆದ ಒಂದೇ ಅಂಕಿಯಿಂದ ದೇಶಗಳನ್ನು ಸಾಲಾಗಿ ನಿಲ್ಲಿಸಿತು. ಕರ್ನಾಟಕವು 1999ರಲ್ಲಿ ಇದೇ ಅಳತೆಯನ್ನು ಜಿಲ್ಲೆಗಳಿಗೆ ಅನ್ವಯಿಸಿತು. ಆದರೆ ಸರಾಸರಿ ಆಯುಷ್ಯವೆಂಬುದು ಬಹುಪಾಲು ಬಡದೇಶಗಳಲ್ಲಿ ಎಣಿಸಿ ಸಿಕ್ಕಿದ್ದಲ್ಲ, ಮಾದರಿ ಸಮೀಕ್ಷೆಗಳಿಂದ ಊಹಿಸಿದ್ದು. ಹೀಗಿರುವಾಗ ದಶಮಾಂಶದ ಮೂರನೆಯ ಸ್ಥಾನದ ವ್ಯತ್ಯಾಸವನ್ನು ನಂಬಿ ಒಂದು ನಾಡನ್ನು ಇನ್ನೊಂದಕ್ಕಿಂತ ಮೇಲೆಂದು ಸಾರುವುದು ಅಂಕಿಗೆ ಇಲ್ಲದ ಖಚಿತತೆಯನ್ನು ಹೊರಿಸಿದಂತೆಯೇ ಸರಿ.

ಅಳತೆಯ ಈ ಅನಿಶ್ಚಿತತೆಗಿಂತ ಆಳವಾದದ್ದು ಬದುಕಿನದೇ ಅನಿಶ್ಚಿತತೆ. ತಾನು ಯಾರ ಮನೆಯಲ್ಲಿ ಹುಟ್ಟುವೆನೆಂದು ತಿಳಿಯದವನು ಯಾವ ಸಮಾಜವನ್ನು ಆರಿಸಿಕೊಂಡಾನು ಎಂದು 1950ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಹರ್ಸಾನಿ, 1971ರಲ್ಲಿ ತತ್ತ್ವಜ್ಞಾನಿ ಜಾನ್ ರಾಲ್ಸ್ ಕೇಳಿದ ಪ್ರಶ್ನೆ ಇದೇ ಶಿರಸಿ ಕಡೆಯ ಅಡಿಕೆ ಸೀಮೆಗೆ ಚೆನ್ನಾಗಿ ಒಪ್ಪುತ್ತದೆ. ಕೊಳೆರೋಗಕ್ಕೆ ಅಂಜಿ ಮಳೆಗಾಲಕ್ಕೆ ಮುನ್ನ ಅಡಿಕೆ ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟಿಸುತ್ತಿದ್ದ ತೋಟಿಗನಿಗೆ, ಬೆಲೆ ಕುಸಿದರೂ 1923ರಲ್ಲಿ ಶಿರಸಿಯಲ್ಲಿ ಸ್ಥಾಪನೆಯಾದ ತೋಟಗಾರರ ಸಹಕಾರಿ ಮಾರಾಟ ಸಂಘದಂಥ ಆಸರೆ ಇತ್ತು. ಜಾರುವ ಮರ ಹತ್ತಿ ಆ ಕೊಟ್ಟೆ ಕಟ್ಟುತ್ತಿದ್ದ ಕೊನೆಗೌಡನಿಗೆ ತನ್ನ ಕೈಕಾಲೇ ಆಸರೆ. ಇಬ್ಬರನ್ನೂ ಕೂಡಿಸಿ ತೆಗೆದ ಸರಾಸರಿಯಲ್ಲಿ ಈ ಅಂತರ ಅಳಿಸಿಹೋಗುತ್ತದೆ. 2010ರಿಂದ ವಿಶ್ವಸಂಸ್ಥೆ ಅಸಮಾನತೆಯ ಪಾಲನ್ನು ಕಳೆದ ಇನ್ನೊಂದು ಸೂಚ್ಯಂಕವನ್ನೂ ಕೊಡುತ್ತಿದೆಯಾದರೂ, ಅದು ಇಂದಿನ ಏರುತಗ್ಗನ್ನು ಹಿಡಿಯಬಲ್ಲುದೇ ಹೊರತು ನಾಳೆಯ ಅಪಾಯವನ್ನಲ್ಲ. ಉದಾಹರಣೆಗೆ, ಸಿದ್ದಾಪುರಕ್ಕೆ ತಾಗಿದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ, ಸೊಪ್ಪು ದರಕಿಗೆಂದು ಬೆಟ್ಟಕ್ಕೆ ಹೋದವರನ್ನು ಬೇಸಿಗೆಯಲ್ಲಿ ಇಂದಿಗೂ ಹಿಡಿಯುತ್ತದೆ; ಅದರಿಂದಾದ ಸಾವುಗಳು ರಾಜ್ಯದ ಸರಾಸರಿ ಆಯುಷ್ಯವನ್ನು ಕದಲಿಸುವಷ್ಟಿಲ್ಲ.