ಗೇಮ್ ಡೆವಲಪರ್ ಆಗಲು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಇರಲೇಬೇಕೇ?

‘ಮಗನಿಗೆ ಗೇಮ್ ಮಾಡೋ ಆಸೆ. ಪಿಸಿಎಂಸಿ ಸೀಟು ಸಿಗಲಿಲ್ಲ, ಪಿಸಿಎಂಬಿ ಕೊಟ್ಟಿದ್ದಾರೆ. ಇನ್ನು ಆ ದಾರಿ ಮುಚ್ಚಿದ ಹಾಗೇ ಅಲ್ವಾ?’ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಇದು ನಿಜವಲ್ಲ.

ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೀಟಿಗಾಗಿ ಬರೆಯುವ ಕೆಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಪ್ರಶ್ನೆಪತ್ರಿಕೆಯೇ ಇಲ್ಲ. ಎಂಜಿನಿಯರಿಂಗ್ ರ‍್ಯಾಂಕ್ ನಿರ್ಧಾರವಾಗುವುದು ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳಿಂದ. ಅರ್ಧ ಪಾಲು ಸಿಇಟಿಯದು, ಇನ್ನರ್ಧ ಪಿಯುಸಿಯದು. ಜೆಇಇ ಮೇನ್‌ನಲ್ಲೂ ಕೇಳುವುದು ಇವೇ ಮೂರು ವಿಷಯ. ಹಾಗಾಗಿ ಪಿಸಿಎಂಬಿ ಓದಿದ ವಿದ್ಯಾರ್ಥಿಯೂ ಕಂಪ್ಯೂಟರ್ ಸೈನ್ಸ್ ಶಾಖೆಗೆ ಸೇರಬಹುದು. ನಿಜಕ್ಕೂ ಕಷ್ಟವಾಗುವುದು ಗಣಿತವನ್ನು ಬಿಟ್ಟವರಿಗೆ.

ಹಾಗೆಂದು ಪಿಯುಸಿಯ ಕಂಪ್ಯೂಟರ್ ಸೈನ್ಸ್ ವ್ಯರ್ಥವಲ್ಲ. ಪ್ರೋಗ್ರಾಮಿಂಗ್, ಸ್ಟ್ಯಾಕ್, ಕ್ಯೂ, ಡೇಟಾಬೇಸ್ ಮೊದಲೇ ಗೊತ್ತಿದ್ದರೆ ಪದವಿಯ ಮೊದಲ ವರ್ಷ ಹಗುರವಾಗುತ್ತದೆ. ಆದರೆ ಗೇಮ್ ಮಾಡುವುದನ್ನು ಅಲ್ಲಿ ಕಲಿಸುವುದಿಲ್ಲ. ಅದಕ್ಕೆ ಬೇಕಾದ ಎಷ್ಟೋ ಸಂಗತಿಗಳು ಬೇರೆ ಪುಸ್ತಕಗಳಲ್ಲಿವೆ.

ಗೇಮಿನಲ್ಲಿ ಒಂದು ಪಾತ್ರ ಜಿಗಿಯುವುದನ್ನೇ ನೋಡಿ. ಗುಂಡಿ ಒತ್ತಿದಾಗ ಅದಕ್ಕೆ ಮೇಲ್ಮುಖ ವೇಗ ಸಿಗುತ್ತದೆ. ಆಮೇಲೆ ಪ್ರತಿ ಫ್ರೇಮಿನಲ್ಲೂ ಗುರುತ್ವ ಆ ವೇಗವನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತದೆ. ಕಲ್ಲನ್ನು ನೇರ ಮೇಲಕ್ಕೆ ಎಸೆದರೆ ಏನಾಗುತ್ತದೆ ಎಂಬ ಭೌತಶಾಸ್ತ್ರದ ಲೆಕ್ಕವೇ ಇದು. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮಿನಲ್ಲಿ ಒಂದು ಫ್ರೇಮಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ವೇಗವನ್ನು ಈ ಕಾಲದಿಂದ ಗುಣಿಸದೆ ಬಿಟ್ಟರೆ, ಅದೇ ಗೇಮ್ ದುಬಾರಿ ಫೋನಿನಲ್ಲಿ ಓಡುತ್ತದೆ, ಅಗ್ಗದ ಫೋನಿನಲ್ಲಿ ತೆವಳುತ್ತದೆ.

ಬಾಂಬ್ ಸಿಡಿದಾಗ ಆಟಗಾರ ಅದರ ವ್ಯಾಪ್ತಿಯೊಳಗೆ ಇದ್ದನೇ? ಹತ್ತನೇ ತರಗತಿಯ ದೂರಸೂತ್ರ ಸಾಕು. ಕಾವಲುಗಾರನ ಮುಂದಿದ್ದಾನೋ, ಬೆನ್ನ ಹಿಂದಿದ್ದಾನೋ? ದ್ವಿತೀಯ ಪಿಯುಸಿಯ ವೆಕ್ಟರ್ ಪಾಠಕ್ಕೆ ಬನ್ನಿ. ಕಾವಲುಗಾರ ನೋಡುವ ದಿಕ್ಕು ಒಂದು ವೆಕ್ಟರ್, ಅವನಿಂದ ಆಟಗಾರನತ್ತ ಎಳೆದ ಗೆರೆ ಇನ್ನೊಂದು. ಎರಡರ ಡಾಟ್ ಪ್ರಾಡಕ್ಟ್ ಧನವಾದರೆ ಮುಂದೆ, ಋಣವಾದರೆ ಹಿಂದೆ. ‘ಇದರಿಂದ ಏನು ಉಪಯೋಗ ಸಾರ್?’ ಎಂದು ಮಕ್ಕಳು ಕೇಳುವ ಪಾಠವಿದು. ಕನಿಷ್ಠ ಒಂದು ಉತ್ತರವಂತೂ ಇದೆ.

ಗಂಟೆಗಟ್ಟಲೆ ಗೇಮ್ ಆಡುವುದು ಇದಕ್ಕೆ ತರಬೇತಿಯಾಗುತ್ತದೆಯೇ? ಸಿನಿಮಾ ನೋಡಿ ಕ್ಯಾಮೆರಾ ಹಿಡಿಯಲು ಎಷ್ಟು ಕಲಿಯಬಹುದೋ ಅಷ್ಟೇ. ಇನ್ನು, ಗೇಮ್ ಕೆಲಸವೆಂದರೆ ಬರೀ ಕೋಡ್ ಅಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಹೆಸರು ಮಾಡಿದ್ದು ವಿದೇಶಿ ಗೇಮ್‌ಗಳಿಗೆ ಚಿತ್ರಕಲೆ, ತ್ರಿಡಿ ಮಾದರಿಗಳನ್ನು ಮಾಡಿಕೊಟ್ಟು; 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಚೆನ್ನಾಗಿ ಚಿತ್ರ ಬರೆಯುವ ಕಲಾ ವಿಭಾಗದ ಹುಡುಗಿಗೂ ಇಲ್ಲಿ ಜಾಗವಿದೆ.

ಕಲಿಯಲು ಆರಂಭದಲ್ಲೇ ಲಕ್ಷಗಟ್ಟಲೆ ಶುಲ್ಕ ಕಟ್ಟಬೇಕಿಲ್ಲ. ಎಂಐಟಿ 2007ರಲ್ಲಿ ಬಿಡುಗಡೆ ಮಾಡಿದ ಸ್ಕ್ರ್ಯಾಚ್ ಹೈಸ್ಕೂಲಿನವರಿಗೆ ಒಳ್ಳೆಯ ಮೊದಲ ಮೆಟ್ಟಿಲು. ನಂತರ ಪೈಥಾನಿನ ಪೈಗೇಮ್, ಆಮೇಲೆ ಗೊಡೊ ಎಂಜಿನ್. ಮೂರೂ ಉಚಿತ. ಖಾಸಗಿ ಸಂಸ್ಥೆಗೆ ಸೇರುವುದೇ ಆದರೆ ಹಣ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ: ಸಿಗುವುದು ವಿಶ್ವವಿದ್ಯಾಲಯದ ಪದವಿಯೋ, ಬರೀ ಸರ್ಟಿಫಿಕೇಟೋ? ಹಿಂದಿನ ವಿದ್ಯಾರ್ಥಿಗಳು ಮಾಡಿ ಮುಗಿಸಿದ ಗೇಮ್‌ಗಳನ್ನು ತೋರಿಸುತ್ತೀರಾ?

ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಜಿಗಿತದ ವೇಗ ಮೊದಲ ಫ್ರೇಮಿನಲ್ಲಿ 5 ಚೌಕ ಎಂದಿಟ್ಟುಕೊಂಡು, ಪ್ರತಿ ಫ್ರೇಮಿಗೂ 1 ಕಳೆಯುತ್ತಾ ಹೋಗಿ. ಪಾತ್ರದ ಎತ್ತರ 5, 9, 12, 14, 15, 15, 14, 12, 9, 5, 0 ಎಂದು ಬರುತ್ತದೆ. ಚುಕ್ಕಿಗಳನ್ನು ಸೇರಿಸಿದರೆ ಕಾಣುವುದು ಗಣಿತ ಪುಸ್ತಕದ ಅದೇ ಪರವಲಯ. ಈಗ 1ರ ಬದಲು 2 ಕಳೆದು ನೋಡಿ, ಜಿಗಿತ ಎಷ್ಟು ಗಿಡ್ಡವಾಗುತ್ತದೆ ಅಂತ.